ಆಟಗಾರರ ಇಮೇಜ್ ನೋಡಿಕೊಳ್ಳುವ ಸೇವೆ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಮೊದಲ ದೊಡ್ಡ ಒಪ್ಪಂದಕ್ಕೆ ಸಹಿ ಬಿದ್ದ ವಾರದಲ್ಲೇ ಆಟಗಾರನ ಮನೆಗೆ ಬರುವ ಫೋನ್‌ಗಳಲ್ಲಿ ಒಂದು ಇಮೇಜ್ ಮ್ಯಾನೇಜ್‌ಮೆಂಟ್ ಕಂಪನಿಯದು. ಸೋಷಿಯಲ್ ಮೀಡಿಯಾ ನೋಡಿಕೊಳ್ಳುತ್ತೇವೆ, ಪತ್ರಕರ್ತರ ಮುಂದೆ ಮಾತಾಡೋದು ಕಲಿಸುತ್ತೇವೆ, ಪ್ರಾಯೋಜಕರನ್ನು ತರುತ್ತೇವೆ, ಏನಾದರೂ ಎಡವಟ್ಟಾದರೆ ಸಂಭಾಳಿಸುತ್ತೇವೆ, ನಿಮ್ಮ ಹೆಸರಲ್ಲೊಂದು ಫೌಂಡೇಶನ್ ಮಾಡಿಕೊಡುತ್ತೇವೆ. ಎಲ್ಲಾ ಸೇರಿ ಒಂದೇ ಪ್ಯಾಕೇಜ್. ಕ್ರಿಕೆಟ್ ಇರಲಿ, ಫುಟ್ಬಾಲ್ ಇರಲಿ, ಈಜು ಇರಲಿ, ಪ್ಯಾಕೇಜಿನ ಅಚ್ಚು ಹೆಚ್ಚೂಕಡಿಮೆ ಒಂದೇ. ಹಾಗಾಗಿ ಇಲ್ಲಿ ಯಾವುದೋ ಒಂದು ಕಂಪನಿಯನ್ನಲ್ಲ, ಈ ಸೇವೆಯನ್ನೇ ಬಿಡಿಬಿಡಿಯಾಗಿ ನೋಡಿದ್ದೇವೆ. ಸಹಿ ಹಾಕುವ ಮುಂಚೆ ಆಟಗಾರ, ಮನೆಯವರು, ಕೋಚ್ ಒಟ್ಟಿಗೆ ಕೂತು ಓದಿಕೊಳ್ಳಲಿ ಎಂಬುದು ಉದ್ದೇಶ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸೇವೆಯಲ್ಲಿ ನಿಜವಾದ ಉಪಯೋಗ ಇರುವುದು ಗಲಾಟೆಗೆ ಮೊದಲು ಮಾಡುವ ಕೆಲಸದಲ್ಲಿ. ಗಲಾಟೆ ಆದಮೇಲೆ ಮಾಡುವ ಕೆಲಸಕ್ಕೆ ಶುಲ್ಕ ಜಾಸ್ತಿ, ಫಲ ಕಮ್ಮಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹಿರಿಯರು ಹೇಳಿದ್ದು ಈ ವ್ಯಾಪಾರಕ್ಕೆ ಅಕ್ಷರಶಃ ಹೊಂದುತ್ತದೆ.

ಪ್ಯಾಕೇಜಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಹಳೆಯ ಪೋಸ್ಟ್‌ಗಳ ತಪಾಸಣೆ. ಅತ್ಯಂತ ಕಳಪೆಯಾಗಿ ಮಾಡಿ ಮುಗಿಸುವುದೂ ಇದನ್ನೇ. 2021ರ ಜೂನ್‌ನಲ್ಲಿ ಇಂಗ್ಲೆಂಡಿನ ವೇಗದ ಬೌಲರ್ ಆಲಿ ರಾಬಿನ್ಸನ್ ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಆಟದ ಮೊದಲ ದಿನವೇ ಅವರು ಹದಿಹರೆಯದಲ್ಲಿ ಹಾಕಿದ್ದ ಜನಾಂಗ ನಿಂದನೆಯ, ಹೆಂಗಸರನ್ನು ಹೀಯಾಳಿಸುವ ಟ್ವೀಟ್‌ಗಳು ಹೊರಗೆ ಬಂದವು. ಜೀವಮಾನದ ದೊಡ್ಡ ದಿನದ ಸಂಜೆ ಅವರು ಕ್ಯಾಮೆರಾ ಮುಂದೆ ನಿಂತು ಕ್ಷಮೆ ಕೇಳಬೇಕಾಯಿತು. ಮುಂದೆ ಎಂಟು ಪಂದ್ಯಗಳ ನಿಷೇಧ ಬಿತ್ತು, ಅದರಲ್ಲಿ ಐದನ್ನು ಜಾರಿ ಮಾಡದೆ ತಡೆಹಿಡಿದರು. ಅಮೆರಿಕದ ಬೇಸ್‌ಬಾಲ್ ಆಟಗಾರ ಜಾಶ್ ಹೇಡರ್ ಅವರ ಹಳೆಯ ಟ್ವೀಟ್‌ಗಳು ಹರಡಿದ್ದಂತೂ 2018ರ ಆಲ್-ಸ್ಟಾರ್ ಪಂದ್ಯ ನಡೆಯುತ್ತಿದ್ದ ರಾತ್ರಿಯೇ. ಎರಡರಲ್ಲೂ ಗಮನಿಸಬೇಕಾದ ಸಂಗತಿ ಒಂದಿದೆ. ಆ ಮಾತುಗಳು ವರ್ಷಗಟ್ಟಲೆ ಎಲ್ಲರ ಕಣ್ಣಿಗೆ ಕಾಣುವಂತೆಯೇ ಬಿದ್ದಿದ್ದವು. ಹುಡುಕುವ ಕಾರಣ ಜನಕ್ಕೆ ಸಿಕ್ಕಿದ್ದು ಆಟಗಾರ ದೊಡ್ಡವನಾದ ದಿನ.

ತಪಾಸಣೆ ಸರಿಯಾಗಿ ಆಗಬೇಕಾದರೆ ಕ್ರಮ ಹೀಗಿರಬೇಕು. ಮೊದಲು ಆಟಗಾರ ಇವತ್ತಿನವರೆಗೆ ತೆರೆದ ಎಲ್ಲಾ ಖಾತೆಗಳ ಪಟ್ಟಿ ಮಾಡಬೇಕು. ಸ್ಕೂಲಿನಲ್ಲಿದ್ದಾಗ ತೆರೆದು ಮರೆತದ್ದು, ಗೇಮಿಂಗ್ ಖಾತೆ, ಗೆಳೆಯರ ಜತೆ ನಡೆಸುತ್ತಿದ್ದ ಪೇಜ್ ಎಲ್ಲಾ ಸೇರಿ. ಹಳೆಯ ಇಮೇಲ್ ಮತ್ತು ಹಳೆಯ ಮೊಬೈಲ್ ನಂಬರ್ ಹಿಡಿದು ಹೋದರೆ ಅರ್ಧ ಸಿಗುತ್ತವೆ. ಆಮೇಲೆ ಪ್ರತಿ ಖಾತೆಯ ಪೂರ್ತಿ ದತ್ತಾಂಶವನ್ನು ಇಳಿಸಿಕೊಳ್ಳಬೇಕು. ಎಕ್ಸ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೂರರ ಸೆಟ್ಟಿಂಗ್ಸ್‌ನಲ್ಲೂ ಅದಕ್ಕೆ ದಾರಿ ಇದೆ. ಬರೆದ ಪೋಸ್ಟ್ ಮಾತ್ರ ನೋಡಿದರೆ ಸಾಲದು. ಒತ್ತಿದ ಲೈಕ್, ಹಂಚಿಕೊಂಡದ್ದು, ಬೇರೆಯವರ ಪೋಸ್ಟಿನ ಕೆಳಗೆ ಹಾಕಿದ ಕಾಮೆಂಟ್, ಬೇರೆಯವರು ಟ್ಯಾಗ್ ಮಾಡಿದ ಫೋಟೋ ಎಲ್ಲವನ್ನೂ ಮನುಷ್ಯರೇ ಕೂತು ನೋಡಬೇಕು.

ಕೆಲಸ ಕೆಡುವುದು ಇಲ್ಲಿಯೇ. ಬಹಳಷ್ಟು ಕಂಪನಿಗಳು ಒಂದು ಸಾಫ್ಟ್‌ವೇರ್‌ಗೆ ಇಂಗ್ಲಿಷ್ ಬೈಗುಳಗಳ ಪಟ್ಟಿ ತಿನ್ನಿಸಿ, ಬಂದ ಫಲಿತಾಂಶವನ್ನೇ ವರದಿ ಅಂತ ಕೊಡುತ್ತವೆ. ಆಟಗಾರ ಬೈದಿದ್ದು ಮನೆಮಾತಿನಲ್ಲಿ, ಬರೆದಿದ್ದು ಇಂಗ್ಲಿಷ್ ಲಿಪಿಯಲ್ಲಿ, ಅದರಲ್ಲೂ ಅರ್ಧ ಅಕ್ಷರ ನುಂಗಿ. ಯಂತ್ರಕ್ಕೆ ಅದು ಸಿಗುವುದಿಲ್ಲ, ಎದುರಾಳಿ ತಂಡದ ಅಭಿಮಾನಿಗೆ ಎರಡೇ ನಿಮಿಷದಲ್ಲಿ ಸಿಗುತ್ತದೆ. ಬೈಗುಳವೇ ಇಲ್ಲದೆ ಒಬ್ಬರ ಬಣ್ಣವನ್ನೋ ನಡಿಗೆಯನ್ನೋ ಆಡಿಕೊಂಡ ಜೋಕು ಯಾವ ಪಟ್ಟಿಗೂ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಆಟಗಾರನ ಭಾಷೆ, ಅವನ ಊರಿನ ಬೀದಿಮಾತು ಗೊತ್ತಿರುವವರು ನಿಮ್ಮಲ್ಲಿ ಯಾರಿದ್ದಾರೆ?

ಸಿಕ್ಕಿದ್ದನ್ನು ಅಳಿಸುವುದು ಎರಡನೆಯ ಹಂತ. ಅಳಿಸಿದರೆ ಮಾಯವಾಗುತ್ತದೆ ಎಂದು ನಂಬಿಸುವವರನ್ನು ನಂಬಬೇಡಿ. ಸ್ಕ್ರೀನ್‌ಶಾಟ್‌ಗಳು ಉಳಿದಿರುತ್ತವೆ, ವೆಬ್ ಪುಟಗಳನ್ನು ದಾಖಲಿಸಿಡುವ ಆರ್ಕೈವ್‌ಗಳೂ ಇವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸುವುದರ ಜತೆಗೆ, ನಿಜಕ್ಕೂ ಕೆಟ್ಟದ್ದೇನಾದರೂ ಸಿಕ್ಕಿದ್ದರೆ ಅದನ್ನು ಕ್ಲಬ್ಬಿಗೋ ಮಂಡಳಿಗೋ ಮುಂಚೆಯೇ ತಿಳಿಸಿಡುವುದು ಒಳ್ಳೆಯ ಕಂಪನಿ ಕೊಡುವ ಸಲಹೆ. ಗಲಾಟೆ ಶುರುವಾದ ಮೇಲೆ ಗಡಿಬಿಡಿಯಲ್ಲಿ ಅಳಿಸುವುದು ಮಾತ್ರ ಬೇಡವೇ ಬೇಡ. ಆಗ ಪೋಸ್ಟ್ ಅಳಿಸಿದ್ದೇ ಎರಡನೆಯ ಸುದ್ದಿಯಾಗುತ್ತದೆ. ಸರಿಯಾಗಿ ಮಾಡಿಕೊಟ್ಟರೆ ಈ ಭಾಗಕ್ಕೆ ಐದಕ್ಕೆ ಐದು. ಬರೀ ಯಂತ್ರದ ವರದಿ ಕೊಟ್ಟರೆ ಒಂದು.

ಇನ್ನು ಖಾತೆಯನ್ನು ದಿನನಿತ್ಯ ನಡೆಸಿಕೊಡುವ ಸೇವೆ. ಆಟಗಾರನ ಹೆಸರಿನಲ್ಲಿ ಬೇರೊಬ್ಬರು ಬರೆಯುತ್ತಾರೆ. ಇದು ಅಭಿಮಾನಿಗಳಿಗೆ ಗೊತ್ತಿಲ್ಲ ಎಂದುಕೊಳ್ಳುವುದು ತಪ್ಪು. 2016ರ ಅಕ್ಟೋಬರ್‌ನಲ್ಲಿ ಸಂಡರ್‌ಲ್ಯಾಂಡ್ ತಂಡದ ಫುಟ್ಬಾಲಿಗ ವಿಕ್ಟರ್ ಅನಿಚೆಬೆ ಅವರ ಖಾತೆಯಲ್ಲಿ ಒಂದು ಪೋಸ್ಟ್ ಬಂತು. ಅಭಿಮಾನಿಗಳ ಬೆಂಬಲಕ್ಕೆ, ಹುಡುಗರ ಪ್ರಯತ್ನಕ್ಕೆ ಮೆಚ್ಚುಗೆ. ಆದರೆ ಅದರ ಶುರುವಿನಲ್ಲೇ, ಈ ಥರ ಏನಾದರೂ ಟ್ವೀಟ್ ಮಾಡ್ತೀರಾ ಎಂಬ ಅರ್ಥದ ಸೂಚನೆಯೂ ಹಾಗೇ ಅಂಟಿಕೊಂಡು ಬಂದಿತ್ತು. ಯಾರೋ ಕಳಿಸಿದ ಸಂದೇಶವನ್ನು ಪೂರ್ತಿ ಕಾಪಿ ಮಾಡಿ ಹಾಕಿದಂತಿತ್ತು. ತಪ್ಪು ಒಂದು ಸಾಲಿನದು. ಆದರೆ ಸೋತ ಪಂದ್ಯಕ್ಕೆ ದೂರದಿಂದ ಬಂದು ಕೂಗಿದವರಿಗೆ ಆ ಸಾಲು ಹೇಳಿದ್ದು, ನಿಮಗೆ ಹೇಳುವ ಥ್ಯಾಂಕ್ಸ್ ಕೂಡ ನಮ್ಮದಲ್ಲ ಅಂತ.

ಇದಕ್ಕೆ ಪರಿಹಾರ ಸರಳ. ವ್ಯಾಪಾರದ ಪೋಸ್ಟ್, ಕಾರ್ಯಕ್ರಮದ ಪ್ರಕಟಣೆ, ಪ್ರಾಯೋಜಕರ ಫೋಟೋ ಕಂಪನಿಯವರೇ ಹಾಕಲಿ. ಗೆಲುವು, ಸೋಲು, ಸಾವು, ಗಾಯ, ಧನ್ಯವಾದ ಇವಿಷ್ಟನ್ನು ಆಟಗಾರನೇ ಬರೆಯಲಿ, ವ್ಯಾಕರಣ ತಪ್ಪಿದರೂ ಪರವಾಗಿಲ್ಲ. ಮುಂಚಿತವಾಗಿ ಸಮಯ ಹೊಂದಿಸಿಟ್ಟ ಪೋಸ್ಟ್‌ಗಳನ್ನು ಪಂದ್ಯದ ದಿನ ಪೂರ್ತಿ ನಿಲ್ಲಿಸಬೇಕು. ತಂಡ ಹೀನಾಯವಾಗಿ ಸೋತ ಅರ್ಧಗಂಟೆಗೆ ಆಟಗಾರನ ಖಾತೆಯಲ್ಲಿ ನಗುಮುಖದ ಪರ್ಫ್ಯೂಮ್ ಜಾಹೀರಾತು ಬಂದರೆ, ಅದನ್ನು ನಾಲ್ಕು ದಿನ ಮೊದಲೇ ಹಾಕಿಟ್ಟಿದ್ದು ಎಂದು ಯಾರಿಗೂ ವಿವರಿಸಲಾಗದು. ಈ ‘ಪಂದ್ಯದ ದಿನ ತಡೆ’ ಒಪ್ಪಂದದಲ್ಲೇ ಬರೆದಿದೆಯಾ ಎಂದು ನೋಡಿಕೊಳ್ಳಿ.

ಮಾಧ್ಯಮ ತರಬೇತಿ ಎಂದು ಕೊಡುವುದರಲ್ಲಿ ಬಹುಪಾಲು ಒಂದೇ ಪಾಠ: ಕಷ್ಟದ ಪ್ರಶ್ನೆಯಿಂದ ಜಾರಿಕೊಂಡು ನಮಗೆ ಬೇಕಾದ ಮಾತಿಗೆ ಬರುವುದು. ಅದನ್ನು ಎರಡು ದಿನ ಎಸಿ ಕೋಣೆಯಲ್ಲಿ ಕೂರಿಸಿ ಕಲಿಸುತ್ತಾರೆ. ಹೊರಬಂದ ಆಟಗಾರ ‘ಒಂದೊಂದೇ ಪಂದ್ಯದ ಮೇಲೆ ಗಮನ ಕೊಡ್ತೀವಿ, ಹುಡುಗರು ಚೆನ್ನಾಗಿ ಆಡಿದ್ರು’ ಎಂದು ಗಿಳಿಪಾಠ ಒಪ್ಪಿಸುತ್ತಾನೆ. ಕೇಳುವವರಿಗೆ ಬೇಜಾರು, ಅವನಿಗೂ ಬೇಜಾರು. ಒಳ್ಳೆಯ ತರಬೇತಿ ಕೋಣೆಯಲ್ಲಿ ಆಗುವುದಲ್ಲ. ಕಠಿಣ ಅಭ್ಯಾಸ ಮುಗಿದು ಹತ್ತು ನಿಮಿಷಕ್ಕೆ, ಎದೆಬಡಿತ ಇನ್ನೂ ಇಳಿಯದಿರುವಾಗ, ಬೆವರಿನ ಮೈಯಲ್ಲೇ ಮೈಕ್ ಹಿಡಿದು ಕೇಳಬೇಕು. ನಿಜವಾದ ಪ್ರಶ್ನೆಗಳು ಬರುವುದೂ ಆ ಸ್ಥಿತಿಯಲ್ಲೇ. ಕೆಣಕುವ ಪ್ರಶ್ನೆ ಬಂದಾಗ ಎರಡು ಸೆಕೆಂಡು ಸುಮ್ಮನಿರುವುದು, ‘ಗೊತ್ತಿಲ್ಲ’ ಎನ್ನುವುದು, ‘ಅದರ ಬಗ್ಗೆ ಈಗ ಮಾತಾಡುವ ಸ್ಥಿತಿಯಲ್ಲಿ ಇಲ್ಲ’ ಎನ್ನುವುದು, ಈ ಮೂರನ್ನು ಮುಜುಗರವಿಲ್ಲದೆ ಮಾಡಲು ಬಂದರೆ ತರಬೇತಿ ಸಾರ್ಥಕ.

ಪತ್ರಿಕಾಗೋಷ್ಠಿಗೆ ಮಾತ್ರ ತಯಾರು ಮಾಡುವ ತರಬೇತಿ ಈಗ ಅರ್ಧ ತರಬೇತಿ. ಅಪಾಯ ಇರುವುದು ಸೋಫಾದ ಮೇಲೆ. 2019ರ ಜನವರಿಯಲ್ಲಿ ಹಾರ್ದಿಕ್ ಪಾಂಡ್ಯ ಮತ್ತು ಕೆ.ಎಲ್. ರಾಹುಲ್ ಸಿಕ್ಕಿಬಿದ್ದದ್ದು ಪತ್ರಕರ್ತರ ಎದುರಲ್ಲ, ನಗುನಗುತ್ತಾ ನಡೆಯುವ ಟಿ.ವಿ. ಹರಟೆಯಲ್ಲಿ. ಹೆಂಗಸರ ಬಗ್ಗೆ ಅಲ್ಲಿ ಬಂದ ಮಾತುಗಳಿಗೆ ಇಬ್ಬರನ್ನೂ ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕರೆಸಿ ಅಮಾನತು ಮಾಡಿದರು. ಬಿಸಿಸಿಐನ ದೂರು ವಿಚಾರಿಸುವ ಅಧಿಕಾರಿ (ಒಂಬುಡ್ಸ್‌ಮನ್) ಆಮೇಲೆ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಹರಟೆ, ಪಾಡ್‌ಕಾಸ್ಟ್, ಗೆಳೆಯನ ಲೈವ್ ಇವುಗಳಲ್ಲಿ ಕ್ಯಾಮೆರಾ ಇದೆ ಎಂಬುದು ಇಪ್ಪತ್ತನೆಯ ನಿಮಿಷಕ್ಕೆ ಮರೆತುಹೋಗುತ್ತದೆ. ಎದುರಿಗಿದ್ದವರು ನಗುತ್ತಿದ್ದರೆ ಇನ್ನೂ ಬೇಗ. ತರಬೇತಿಯಲ್ಲಿ ಒಂದೂವರೆ ಗಂಟೆಯ ಸಲುಗೆಯ ಹರಟೆಯನ್ನು ರೆಕಾರ್ಡ್ ಮಾಡಿ, ಅದರ ಕೊನೆಯ ಅರ್ಧಗಂಟೆಯನ್ನು ಆಟಗಾರನಿಗೇ ತೋರಿಸಬೇಕು. ಜತೆಯಲ್ಲಿ ಅವನ ಅಕ್ಕನೋ ತಂಗಿಯೋ ಅಮ್ಮನೋ ಕೂತು ನೋಡಿದರೆ ಬೇರೆ ಪಾಠವೇ ಬೇಕಾಗಿಲ್ಲ.

ಇನ್ನೊಂದು ಕಡೆಯೂ ಇದೆ. ಮಾತಾಡಲೇಬೇಕೆಂಬ ನಿಯಮವೇ ಕೆಲವರಿಗೆ ಭಾರ. 2021ರ ಫ್ರೆಂಚ್ ಓಪನ್‌ನಲ್ಲಿ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಪಂದ್ಯದ ನಂತರದ ಪತ್ರಿಕಾಗೋಷ್ಠಿಗೆ ಹೋಗಲಿಲ್ಲ. 15,000 ಡಾಲರ್ ದಂಡ ಬಿತ್ತು; ಮುಂದುವರಿಸಿದರೆ ಇನ್ನೂ ಕಠಿಣ ಕ್ರಮ ಎಂದು ನಾಲ್ಕೂ ಗ್ರ್ಯಾನ್ ಸ್ಲಾಮ್ ಸಂಘಟಕರು ಎಚ್ಚರಿಸಿದರು. ಮರುದಿನ ಅವರು ಟೂರ್ನಿಯಿಂದಲೇ ಹಿಂದೆ ಸರಿದು, 2018ರಿಂದ ಖಿನ್ನತೆಯಿಂದ ಬಳಲುತ್ತಿರುವುದನ್ನು ಬರೆದುಕೊಂಡರು. ಹೋಗುವುದಿಲ್ಲ ಎಂಬ ಮಾತು ಟೂರ್ನಿ ಶುರುವಾಗುವ ಹೊತ್ತಿಗೆ ಸೋಷಿಯಲ್ ಮೀಡಿಯಾದಲ್ಲಿ ಬಂತು, ಅದರ ಹಿಂದಿನ ಖಿನ್ನತೆಯ ವಿಷಯ ಬಂದದ್ದು ಎಲ್ಲಾ ಕೈಮೀರಿದ ಮೇಲೆ. ಸೇವೆ ಎಂದರೆ ಇದನ್ನು ತಿರುವುಮುರುವು ಮಾಡುವುದು: ಆಟಗಾರ್ತಿಯ ಆರೋಗ್ಯದ ವಿಷಯ ವೈದ್ಯರ ಪತ್ರದೊಂದಿಗೆ ಸಂಘಟಕರಿಗೆ ವಾರಗಳ ಮುಂಚೆ ಹೋಗಬೇಕು, ವಿನಾಯಿತಿಯೋ ಬದಲಿ ವ್ಯವಸ್ಥೆಯೋ ಅಂತ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಈ ಕೆಲಸ ಕೇಳಿದರೆ ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಎನ್ನುವ ಕಂಪನಿಗೆ ನಮಸ್ಕಾರ ಹೇಳಿ ಎದ್ದುಬನ್ನಿ.

ಪ್ರಾಯೋಜಕರ ಒಪ್ಪಂದದಲ್ಲಿ ಎಲ್ಲರೂ ಮೊತ್ತದ ಪುಟ ಓದುತ್ತಾರೆ. ಓದಬೇಕಾದ್ದು ‘ಮಾರಲ್ಸ್ ಕ್ಲಾಝ್’ ಎಂದು ಕರೆಯುವ ನಡತೆಯ ಷರತ್ತು. ಇದು ಹಾಲಿವುಡ್‌ನಿಂದ ಬಂದದ್ದು. 1921ರಲ್ಲಿ ಯೂನಿವರ್ಸಲ್ ಸ್ಟುಡಿಯೊ ತನ್ನ ನಟರ ಒಪ್ಪಂದಗಳಲ್ಲಿ ಸೇರಿಸಿತು. ಈಗ ಯಾವ ಶೂ ಕಂಪನಿಯ ಒಪ್ಪಂದವೂ ಇದಿಲ್ಲದೆ ಇರುವುದಿಲ್ಲ. ಇದರಲ್ಲಿ ನಾಲ್ಕು ಕಡೆ ಬೆರಳಿಟ್ಟು ಕೇಳಬೇಕು. ಒಪ್ಪಂದ ಮುರಿಯಲು ಆರೋಪ ಸಾಕಾ, ಚಾರ್ಜ್‌ಶೀಟ್ ಬೇಕಾ, ತೀರ್ಪು ಬೇಕಾ? ‘ಕಂಪನಿಯ ಅಭಿಪ್ರಾಯದಲ್ಲಿ’ ಎಂಬ ಎರಡು ಪದ ಇದ್ದರೆ ಉಳಿದ ಷರತ್ತಿಗೆಲ್ಲ ಅರ್ಥವೇ ಇಲ್ಲ. ಅದನ್ನು ತೆಗೆಸುವುದೋ, ‘ಸಮಂಜಸ ಕಾರಣಗಳಿದ್ದಲ್ಲಿ’ ಎಂದು ಬಿಗಿ ಮಾಡಿಸುವುದೋ ವಕೀಲರ ಕೆಲಸ. ಆಗಲೇ ಕೊಟ್ಟ ಹಣ ವಾಪಸ್ ಕೇಳಬಹುದಾ? ಒಪ್ಪಂದಕ್ಕೆ ಮುಂಚಿನ ನಡತೆಯೂ ಲೆಕ್ಕಕ್ಕೆ ಬರುತ್ತಾ? ಕೊನೆಯದು ಬರುತ್ತದೆ ಎಂದಾದರೆ ಮೇಲೆ ಹೇಳಿದ ಹಳೆಯ ಪೋಸ್ಟ್‌ಗಳ ತಪಾಸಣೆ ಸಹಿಗೆ ಮುಂಚೆಯೇ ಆಗಬೇಕು. ಕಂಪನಿಯೇ ಹಗರಣದಲ್ಲಿ ಸಿಕ್ಕಿಬಿದ್ದರೆ ಆಟಗಾರ ಹೊರಬರಬಹುದು ಎಂಬ ಉಲ್ಟಾ ಷರತ್ತನ್ನೂ ಕೇಳಿ ಹಾಕಿಸಿಕೊಳ್ಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಯಾವ ಪ್ರಾಯೋಜಕ ಕಷ್ಟದಲ್ಲಿ ನಿಲ್ಲುತ್ತಾನೆ ಎಂಬುದನ್ನು ಮೊದಲೇ ಸುಮಾರಾಗಿ ಅಂದಾಜು ಮಾಡಬಹುದು. 2009ರ ಕೊನೆಯಲ್ಲಿ ಟೈಗರ್ ವುಡ್ಸ್ ಅವರ ವಿವಾಹೇತರ ಸಂಬಂಧಗಳ ಸುದ್ದಿ ಹೊರಬಿದ್ದಾಗ ಅಕ್ಸೆಂಚರ್ ಬಿಟ್ಟುಹೋಯಿತು, ಎಟಿ ಅಂಡ್ ಟಿ ಬಿಟ್ಟುಹೋಯಿತು. ನೈಕಿ ಉಳಿಯಿತು, ಆ ಜೋಡಿ ಮುಗಿದದ್ದು 2024ರ ಜನವರಿಯಲ್ಲಿ. ಕಾರಣ ಗೂಢವೇನಲ್ಲ. ಅಕ್ಸೆಂಚರ್ ಮಾರುತ್ತಿದ್ದದ್ದು ನಂಬಿಕೆ, ಶಿಸ್ತು, ನಿರ್ಧಾರದ ಚಿತ್ರಣ. ನೈಕಿ ಮಾರುತ್ತಿದ್ದದ್ದು ಗಾಲ್ಫ್. ಅವರ ಆಟ ಸುಳ್ಳಾಗಿರಲಿಲ್ಲ, ಚಿತ್ರಣ ಸುಳ್ಳಾಗಿತ್ತು. ಅದೇ ನೈಕಿ 2012ರ ಅಕ್ಟೋಬರ್‌ನಲ್ಲಿ ಉದ್ದೀಪನ ಮದ್ದಿನ ಹಗರಣದಲ್ಲಿ ಸಿಕ್ಕಿಬಿದ್ದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರನ್ನು ಕೈಬಿಟ್ಟಿತು, ಯಾಕೆಂದರೆ ಅಲ್ಲಿ ಆಟವೇ ಸುಳ್ಳಾಗಿತ್ತು. ಆದ್ದರಿಂದ ಕುಟುಂಬವತ್ಸಲ, ಸಂತ, ಆದರ್ಶ ಪುರುಷ ಎಂಬ ಚಿತ್ರಣ ಕಟ್ಟಿ ಅದರ ಮೇಲೆ ವಿಮೆ, ಬ್ಯಾಂಕ್, ಮಕ್ಕಳ ಪೌಷ್ಟಿಕ ಪುಡಿಯ ಜಾಹೀರಾತು ತರುತ್ತೇವೆ ಎನ್ನುವ ಕಂಪನಿಗೆ ಒಂದೇ ಮಾತು ಕೇಳಿ: ಈ ಹುಡುಗ ನಿಜವಾಗಲೂ ಹಾಗಿದ್ದಾನಾ? ಇಲ್ಲದ್ದನ್ನು ಮಾರಿದರೆ ಬಿದ್ದಾಗ ಎತ್ತರ ಜಾಸ್ತಿ.

ಪ್ಯಾಕೇಜಿನ ಪಟ್ಟಿಯಲ್ಲಿ ಎಷ್ಟೋ ಸಲ ಕಾಣದೇ ಇರುವ, ಆದರೆ ಬೇಕೇಬೇಕಾದ ಒಂದು ಕೆಲಸವಿದೆ. ಅದು ನಿಯಮಗಳ ಕ್ಯಾಲೆಂಡರ್. ಮೈದಾನದ ಹೊರಗಿನ ಎಷ್ಟೋ ಕಳಂಕಗಳು ದುಷ್ಟತನದಿಂದ ಬಂದದ್ದಲ್ಲ, ಗುಮಾಸ್ತೆ ಕೆಲಸ ಕೆಟ್ಟು ಬಂದದ್ದು. ಉದ್ದೀಪನ ಮದ್ದಿನ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿರುವ ಆಟಗಾರ ದಿನಕ್ಕೊಂದು 60 ನಿಮಿಷದ ಅವಧಿಯನ್ನು ಮುಂಚಿತವಾಗಿ ಬರೆದುಕೊಟ್ಟು, ಆ ಹೊತ್ತಿಗೆ ಹೇಳಿದ ಜಾಗದಲ್ಲೇ ಇರಬೇಕು. ಪರೀಕ್ಷೆ ತಪ್ಪಿದ್ದೋ, ಮಾಹಿತಿ ತಪ್ಪು ಕೊಟ್ಟದ್ದೋ ಸೇರಿ 12 ತಿಂಗಳಲ್ಲಿ ಮೂರು ಆದರೆ ಮದ್ದು ತೆಗೆದುಕೊಳ್ಳದಿದ್ದರೂ ಅಪರಾಧ. 100 ಮೀಟರ್ ಓಟದ ವಿಶ್ವ ಚಾಂಪಿಯನ್ ಕ್ರಿಶ್ಚಿಯನ್ ಕೋಲ್ಮನ್ 2019ರ ಡಿಸೆಂಬರ್‌ನಲ್ಲಿ ಶಾಪಿಂಗ್‌ಗೆ ಹೋಗಿದ್ದ ಹೊತ್ತಿಗೆ ಪರೀಕ್ಷಕರು ಬಂದು ಹೋದರು. ಒಂದು ವರ್ಷದೊಳಗೆ ಅದು ಮೂರನೆಯದಾಯಿತು. ಎರಡು ವರ್ಷದ ನಿಷೇಧವನ್ನು ಕ್ರೀಡಾ ಪಂಚಾಯ್ತಿ ನ್ಯಾಯಾಲಯ 18 ತಿಂಗಳಿಗೆ ಇಳಿಸಿದರೂ ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ಅಸಿಸ್ಟೆಂಟ್ ಮಾಹಿತಿ ತುಂಬಬಹುದು, ಜವಾಬ್ದಾರಿ ಮಾತ್ರ ಆಟಗಾರನದೇ. ವಿಮಾನದ ಟಿಕೆಟ್ ಬದಲಾದ ಕೂಡಲೇ ಆ ವಿವರವನ್ನೂ ಬದಲಾಯಿಸುವ ಒಬ್ಬ ಮನುಷ್ಯ, ಮತ್ತು ಆ ಅವಧಿಗೆ ಅರ್ಧಗಂಟೆ ಮುಂಚೆ ಆಟಗಾರನ ಫೋನ್‌ನಲ್ಲಿ ಅಲಾರಂ, ಇವೆರಡು ಇದ್ದರೆ ಸಾಕು.

ಬೆಟ್ಟಿಂಗ್ ಕೂಡ ಹೀಗೆಯೇ. 2023ರಲ್ಲಿ ಇಂಗ್ಲೆಂಡಿನ ಫುಟ್ಬಾಲಿಗ ಐವನ್ ಟೋನಿ ಬೆಟ್ಟಿಂಗ್ ನಿಯಮದ 232 ಉಲ್ಲಂಘನೆ ಒಪ್ಪಿಕೊಂಡು ಎಂಟು ತಿಂಗಳು ಹೊರಗಿದ್ದರು. ತನ್ನ ಪಂದ್ಯದ ಮೇಲೆ ಕಟ್ಟಬಾರದು ಎಂಬುದಷ್ಟೇ ಅಲ್ಲ ಅಲ್ಲಿನ ನಿಯಮ. ಜಗತ್ತಿನ ಯಾವ ಮೂಲೆಯ ಫುಟ್ಬಾಲ್ ಪಂದ್ಯದ ಮೇಲೂ ಕಟ್ಟಬಾರದು, ತಂಡದ ಒಳಗಿನ ಸುದ್ದಿಯನ್ನು ಬೆಟ್ ಕಟ್ಟುವವರಿಗೆ ಹೇಳಲೂಬಾರದು. ‘ನಾಳೆ ಇವನು ಆಡಲ್ಲ, ಸ್ನಾಯು ಹಿಡ್ಕೊಂಡಿದೆ’ ಎಂದು ಭಾವನಿಗೆ ಕಳಿಸುವ ವಾಟ್ಸ್ಆ್ಯಪ್ ಮೆಸೇಜ್ ಕೂಡ ಅಪಾಯ. ಇದನ್ನು ಆಟಗಾರನಿಗೆ ಮಾತ್ರ ಅಲ್ಲ, ಅಣ್ಣತಮ್ಮಂದಿರಿಗೂ ಗೆಳೆಯರಿಗೂ ಕೂರಿಸಿ ಹೇಳುವ ಕಂಪನಿ ಒಳ್ಳೆಯದು.

ಈಗ ಎಲ್ಲರೂ ಹೆಚ್ಚು ದುಡ್ಡು ಸುರಿಯುವ ಭಾಗಕ್ಕೆ ಬರೋಣ, ಬಿಕ್ಕಟ್ಟು ನಿರ್ವಹಣೆ. ಮೊದಲ 24 ಗಂಟೆಯ ಸೇವೆ ಎಂದೇ ಇದನ್ನು ಮಾರುತ್ತಾರೆ. ಅದರಲ್ಲಿ ಮೊದಲ ಎರಡು ಗಂಟೆಯಲ್ಲಿ ಆಗಬೇಕಾದ್ದು ಹೇಳಿಕೆ ಬರೆಯುವುದಲ್ಲ, ನಡೆದದ್ದನ್ನು ಗಂಟೆ ನಿಮಿಷದ ಲೆಕ್ಕದಲ್ಲಿ ಕಾಗದದ ಮೇಲೆ ಇಳಿಸುವುದು. ವಕೀಲರ ಎದುರು, ಬಾಗಿಲು ಹಾಕಿಕೊಂಡು, ಒಂದಕ್ಷರ ಬಿಡದೆ. ಯಾರು ಇದ್ದರು, ಎಲ್ಲಿ ಕ್ಯಾಮೆರಾ ಇತ್ತು, ಯಾರ ಫೋನ್‌ನಲ್ಲಿ ವಿಡಿಯೊ ಇರಬಹುದು. ಅದಾದ ಮೇಲೆ ಕ್ಲಬ್ಬಿಗೆ ಮತ್ತು ಪ್ರಾಯೋಜಕರಿಗೆ ಪೇಪರಿನಲ್ಲಿ ಬರುವ ಮುಂಚೆ ಫೋನ್. ಹೇಳಿಕೆ ಆಮೇಲೆ.

ಈ ಕ್ರಮ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ 2018ರ ಮಾರ್ಚ್ 24ರ ಕೇಪ್‌ಟೌನ್ ಸಾಕು. ಚೆಂಡು ಕೆಡಿಸಲು ಹೋಗಿ ಸಿಕ್ಕಿಬಿದ್ದ ದಿನವೇ ಆಸ್ಟ್ರೇಲಿಯಾ ಕ್ರಿಕೆಟ್ ತಂಡದ ನಾಯಕ ಸ್ಟೀವ್ ಸ್ಮಿತ್ ಮತ್ತು ಆಟಗಾರ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಪತ್ರಿಕಾಗೋಷ್ಠಿಗೆ ಬಂದರು. ಒಪ್ಪಿಕೊಳ್ಳಲೆಂದೇ ಬಂದವರು ಅವರು. ಆದರೆ ಬಳಸಿದ್ದು ಅಂಟುಪಟ್ಟಿ ಎಂದರು. ಅದು ಮರಳು ಕಾಗದ ಎಂದು ಕೆಲವೇ ದಿನಗಳಲ್ಲಿ ಗೊತ್ತಾಯಿತು. ಒಪ್ಪಿಗೆಯ ಒಳಗೇ ಸುಳ್ಳು ಸೇರಿಕೊಂಡಿತ್ತು. ಸ್ಮಿತ್ ಮತ್ತು ಉಪನಾಯಕ ಡೇವಿಡ್ ವಾರ್ನರ್‌ಗೆ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ. ಅಲ್ಲಿನ ಕ್ರಿಕೆಟ್ ಮಂಡಳಿಯ ಪ್ರಾಯೋಜಕರಲ್ಲಿ ಮೆಗಲನ್ ಎಂಬ ಹೂಡಿಕೆ ಕಂಪನಿ ಒಪ್ಪಂದವನ್ನೇ ಮುರಿಯಿತು. ಈಜುಗಾರ ರಯಾನ್ ಲಾಕ್ಟಿ 2016ರಲ್ಲಿ ರಿಯೊದಲ್ಲಿ ತಮ್ಮನ್ನು ದೋಚಿದರು ಎಂದು ಹೇಳಿಕೊಂಡ ಕತೆ ಕುಸಿದಾಗಲೂ ಅಷ್ಟೇ: ಪೆಟ್ರೋಲ್ ಬಂಕಿನಲ್ಲಿ ಮಾಡಿದ ಗಲಾಟೆ ಚಿಕ್ಕದು, ಅದರ ಮೇಲೆ ಹೇಳಿದ ಸುಳ್ಳು ದೊಡ್ಡದು. ಒಂದೇ ದಿನದಲ್ಲಿ ನಾಲ್ವರು ಪ್ರಾಯೋಜಕರು ಹೋದರು, ಹತ್ತು ತಿಂಗಳ ಅಮಾನತು ಬಂತು.

ಬಾಯಿ ಮುಚ್ಚಿಕೊಂಡು ಎಂದಿನಂತೆ ಇದ್ದುಬಿಡುವುದೂ ಉಪಾಯವಲ್ಲ. 2022ರ ಫೆಬ್ರುವರಿಯಲ್ಲಿ ವೆಸ್ಟ್ ಹ್ಯಾಮ್ ತಂಡದ ಫುಟ್ಬಾಲಿಗ ಕರ್ಟ್ ಝೂಮಾ ತಮ್ಮ ಬೆಕ್ಕನ್ನು ಒದೆಯುವ ವಿಡಿಯೊ ಹರಡಿದ ಮರುದಿನವೇ ತಂಡ ಅವರನ್ನು ಆಡಿಸಿತು. ಕ್ರೀಡಾಂಗಣ ಪೂರ್ತಿ ಅವರನ್ನು ಕೂಗಾಡಿ ಹೀಯಾಳಿಸಿತು. ಅಡಿಡಾಸ್ ಒಪ್ಪಂದ ಹೋಯಿತು, ಕ್ಲಬ್ಬಿನ ಪ್ರಾಯೋಜಕರೊಬ್ಬರು ತಾತ್ಕಾಲಿಕವಾಗಿ ದೂರ ಸರಿದರು. ಒಂದು ಪಂದ್ಯ ಕೂರಿಸಿದ್ದರೆ ಅಪರಾಧವೇನೂ ಚಿಕ್ಕದಾಗುತ್ತಿರಲಿಲ್ಲ. ಆದರೆ ಕ್ಲಬ್ಬಿಗೆ ಇದು ಅಪರಾಧವಾಗಿ ಕಂಡಿದೆ ಎಂಬುದಾದರೂ ಜನಕ್ಕೆ ತಿಳಿಯುತ್ತಿತ್ತು.

ಕ್ಷಮಾಪಣೆ ಬರೆದುಕೊಡುವುದು ಇದೇ ಸೇವೆಯ ಭಾಗ, ಮತ್ತು ನಮ್ಮ ಲೆಕ್ಕದಲ್ಲಿ ಇಡೀ ಪ್ಯಾಕೇಜಿನಲ್ಲೇ ಅತ್ಯಂತ ದುರ್ಬಲ ಸರಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರುವ ಒಂದು ಮಾದರಿ ನೋಡಿ: ‘ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ. ನನ್ನ ಮಾತನ್ನು ತಪ್ಪಾಗಿ ಅರ್ಥೈಸಲಾಗಿದೆ. ಅಚಾತುರ್ಯದಿಂದ ಆದ ತಪ್ಪು ಇದು.’ ಮೂರೇ ವಾಕ್ಯ, ಮೂರೂ ತಪ್ಪಿಸಿಕೊಳ್ಳುತ್ತವೆ. ‘ನೋವಾಗಿದ್ದರೆ’ಯಲ್ಲಿರುವ ‘ದ್ದರೆ’ ನೋವನ್ನೇ ಅನುಮಾನಕ್ಕೆ ತಳ್ಳುತ್ತದೆ. ‘ಯಾರ ಮನಸ್ಸಿಗಾದರೂ’ ಎಂದಾಗ ನೊಂದವರಿಗೆ ಮುಖವೇ ಉಳಿಯುವುದಿಲ್ಲ. ‘ಅರ್ಥೈಸಲಾಗಿದೆ’ ಎಂದು ಕೇಳಿದವರ ಮೇಲೆ ಗೂಬೆ ಕೂರಿಸಿದ್ದಾಯಿತು. ‘ಆದ ತಪ್ಪು’ ಎಂದರೆ ಮಳೆ ಬಂದಂತೆ ತಪ್ಪು ತಾನಾಗಿ ಬಂತು, ಮಾಡಿದವರು ಯಾರೂ ಇಲ್ಲ.

ಅದೇ ಜಾಗದಲ್ಲಿ ಇದನ್ನು ಇಟ್ಟು ನೋಡಿ: ‘ಶನಿವಾರ ರಾತ್ರಿ ಹೋಟೆಲಿನ ಸಿಬ್ಬಂದಿಯೊಬ್ಬರಿಗೆ ನಾನು ಕೆಟ್ಟದಾಗಿ ಬೈದೆ. ಅವರು ತಮ್ಮ ಕೆಲಸ ಮಾಡುತ್ತಿದ್ದರು, ತಪ್ಪು ನನ್ನದು. ಇವತ್ತು ಬೆಳಿಗ್ಗೆ ಅವರನ್ನು ಭೇಟಿ ಮಾಡಿ ಕ್ಷಮೆ ಕೇಳಿದೆ. ಕ್ಲಬ್ ಕೊಡುವ ಶಿಕ್ಷೆಯನ್ನು ಒಪ್ಪುತ್ತೇನೆ.’ ಏನು ಮಾಡಿದೆ, ಯಾರಿಗೆ ಮಾಡಿದೆ, ಅವರನ್ನು ಕಂಡೆನಾ, ಮುಂದೇನು. ನಾಲ್ಕು ಸಾಲಿನಲ್ಲಿ ಎಲ್ಲಾ ಬಂತು. ಆದರೆ ಇದನ್ನು ಬರೆಯಲು ಮೂರನೆಯ ಸಾಲಿನ ಕೆಲಸವನ್ನು ಮೊದಲು ಮಾಡಿರಬೇಕು, ಕ್ಯಾಮೆರಾ ಇಲ್ಲದೆ. ಅದನ್ನು ಯಾವ ಕಂಪನಿಯೂ ಆಟಗಾರನ ಪರವಾಗಿ ಮಾಡಲಾಗದು. ಪೊಲೀಸ್ ಕೇಸು ನಡೆಯುತ್ತಿದ್ದರೆ ಮಾತ್ರ ಪದಗಳನ್ನು ವಕೀಲರು ನೋಡಲೇಬೇಕು. ಆಗಲೂ ‘ತನಿಖೆಗೆ ಸಹಕರಿಸುತ್ತೇನೆ, ಈಗ ಹೆಚ್ಚು ಹೇಳಲಾಗದು’ ಎಂಬ ಒಂದು ಸಾಲು ಮೇಲಿನ ಮೂರು ವಾಕ್ಯಕ್ಕಿಂತ ಮೇಲು. ಈ ಭಾಗಕ್ಕೆ ಐದಕ್ಕೆ ಎರಡು, ಅದೂ ಘಟನೆಯ ಲೆಕ್ಕ ಬರೆಸುವ ಶಿಸ್ತಿಗೆ.

ಫೌಂಡೇಶನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾಲ್ಯದಲ್ಲಿ ಶಾಲೆಯ ಉಚಿತ ಊಟ ಉಂಡು ಬೆಳೆದ ಇಂಗ್ಲೆಂಡಿನ ಫುಟ್ಬಾಲಿಗ ಮಾರ್ಕಸ್ ರಾಷ್‌ಫೋರ್ಡ್ 2020ರ ಜೂನ್‌ನಲ್ಲಿ ಬ್ರಿಟನ್ನಿನ ಸಂಸದರಿಗೆ ಬಹಿರಂಗ ಪತ್ರ ಬರೆದು, ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟದ ವೋಚರ್ ಕೊಡಿ ಎಂದರು. ಸರ್ಕಾರ ನಿರ್ಧಾರ ಬದಲಿಸಿತು. ಅದು ನಾಟಿದ್ದು ಹಸಿವು ಅವರಿಗೆ ಗೊತ್ತಿದ್ದರಿಂದ. ಆಟಗಾರನ ಬದುಕಿಗೆ ಸಂಬಂಧವೇ ಇಲ್ಲದ ಉದ್ದೇಶ ಆರಿಸಿ, ದೊಡ್ಡ ಚೆಕ್ಕಿನ ಫೋಟೋ ತೆಗೆಸುವ ಯೋಜನೆ ತಂದರೆ ಬೇಡ ಎನ್ನಿ. ಮಾಡುವುದಾದರೆ ಲೆಕ್ಕಪತ್ರ ಬೇರೆ, ಟ್ರಸ್ಟಿಗಳಲ್ಲಿ ಮನೆಯವರಲ್ಲದವರೇ ಹೆಚ್ಚು, ವರ್ಷಕ್ಕೊಮ್ಮೆ ಹೊರಗಿನ ಆಡಿಟ್ ಇರಲಿ.

ಅಭಿಮಾನಿಗಳ ಭಾಗವನ್ನು ಈ ಕಂಪನಿಗಳು ಅತಿ ಹಗುರವಾಗಿ ತೆಗೆದುಕೊಳ್ಳುತ್ತವೆ ಎಂಬುದು ನಮ್ಮ ದೊಡ್ಡ ತಕರಾರು. ಅವರ ವರದಿಯಲ್ಲಿ ಅಭಿಮಾನಿ ಎಂದರೆ ಫಾಲೋವರ್ ಸಂಖ್ಯೆ. ನಿಜದ ಅಭಿಮಾನಿ ಬೇಲಿಯ ಆಚೆ ಮೂರು ಗಂಟೆಯಿಂದ ನಿಂತಿರುವ ಹುಡುಗಿ. ಅವಳು ಕೇಳುವುದು ಸಂತನನ್ನಲ್ಲ. ಸೊನ್ನೆಗೆ ಔಟಾದದ್ದನ್ನು ಕ್ಷಮಿಸುತ್ತಾಳೆ, ಸಿಟ್ಟಿನಲ್ಲಿ ಬ್ಯಾಟ್ ಕುಕ್ಕಿದ್ದನ್ನೂ ಕ್ಷಮಿಸುತ್ತಾಳೆ. ಕಣ್ಣೆದುರೇ ಕಾರಿನ ಗಾಜು ಏರಿಸಿಕೊಂಡು ಹೋದದ್ದನ್ನು ಮರೆಯುವುದಿಲ್ಲ. 1993ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ ನೈಕಿ ಜಾಹೀರಾತಿನಲ್ಲೇ, ತಾನು ಆದರ್ಶ ವ್ಯಕ್ತಿಯಲ್ಲ, ಮಕ್ಕಳನ್ನು ಬೆಳೆಸಬೇಕಾದವರು ಅಪ್ಪ ಅಮ್ಮ ಎಂದು ಹೇಳಿದ್ದರು. ಆ ಮಾತಿನಲ್ಲಿ ಹುರುಳಿದೆ. ಆದರೂ ಬೇಲಿಯ ಬಳಿ ಐದು ನಿಮಿಷ ನಿಲ್ಲುವುದಕ್ಕೆ ಆದರ್ಶ ವ್ಯಕ್ತಿಯಾಗಬೇಕಿಲ್ಲ.

ಅದನ್ನು ವ್ಯವಸ್ಥಿತವಾಗಿ ಮಾಡುವುದು ಹೇಗೆಂದು ಕಂಪನಿ ಹೇಳಿಕೊಡಬೇಕು. ಅಭ್ಯಾಸದ ನಂತರ ಇಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿ, ಸಾಲಿನ ಕೊನೆ ಎಲ್ಲಿ ಎಂಬುದನ್ನು ಒಬ್ಬರು ಹೋಗಿ ಹೇಳಬೇಕು. ಅದರ ಹಿಂದೆ ನಿಂತವರು ಸುಮ್ಮನೆ ಕಾಯದಿರಲಿ. ಮಕ್ಕಳು, ಗಾಲಿಕುರ್ಚಿಯವರು ಮೊದಲು. ಸಹಿಗೆ ಕೆಲವೇ ಸೆಕೆಂಡು ಸಾಕು, ಸೆಲ್ಫಿಗೆ ಲಾಕ್ ತೆಗೆದು ಕ್ಯಾಮೆರಾ ತಿರುಗಿಸಿ ನಗುವಷ್ಟರಲ್ಲಿ ಅದರ ಹಲವು ಪಟ್ಟು ಹೊತ್ತು ಹೋಗುತ್ತದೆ. ಆದ್ದರಿಂದ ಅಂದು ಸಹಿಯೋ ಸೆಲ್ಫಿಯೋ ಎಂದು ಒಂದನ್ನೇ ಆರಿಸಿ ಹೇಳಿಬಿಡುವುದು ಒಳ್ಳೆಯದು. ಊಟ ಮಾಡುತ್ತಿರುವಾಗ, ಆಸ್ಪತ್ರೆಯಲ್ಲಿ, ಮಕ್ಕಳ ಜತೆಯಲ್ಲಿರುವಾಗ ಬೇಡ ಎನ್ನುವ ಹಕ್ಕು ಆಟಗಾರನಿಗಿದೆ. ಬೇಡ ಎನ್ನುವುದನ್ನು ಬಾಡಿಗಾರ್ಡ್ ಕೈಯಿಂದ ತಳ್ಳಿಸದೆ ತಾನೇ ಕಣ್ಣು ನೋಡಿ ಹೇಳುವುದನ್ನು ಕಲಿಸಬೇಕು.

ಅಭಿಮಾನದ ಇನ್ನೊಂದು ಮುಖದಿಂದ ಆಟಗಾರನನ್ನು ಕಾಯುವುದೂ ಸೇವೆಯೇ. 2021ರ ಜುಲೈನಲ್ಲಿ ಯೂರೊ ಫುಟ್ಬಾಲ್ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಗೋಲು ಮಾಡಲಾಗದ ಇಂಗ್ಲೆಂಡಿನ ರಾಷ್‌ಫೋರ್ಡ್, ಸ್ಯಾಂಚೊ, ಸಾಕಾ ಮೂವರ ಖಾತೆಗಳಿಗೂ ಜನಾಂಗ ನಿಂದನೆ ಹರಿದುಬಂತು. ಕಾಮೆಂಟ್ ಮತ್ತು ಮೆಸೇಜ್‌ಗಳಲ್ಲಿ ಪದ ಮರೆಮಾಡುವ ಸೌಲಭ್ಯ ಇನ್‌ಸ್ಟಾಗ್ರಾಮ್‌ನಲ್ಲಿದೆ. ಆದರೆ ಆ ಪಟ್ಟಿಗೆ ಮನೆಮಾತಿನ ಬೈಗುಳ, ಅದರ ಇಂಗ್ಲಿಷ್ ಲಿಪಿಯ ಎಲ್ಲಾ ಕಾಗುಣಿತ, ಪ್ರಾಣಿಗಳ ಇಮೋಜಿ ಎಲ್ಲವನ್ನೂ ಕೈಯಾರೆ ಸೇರಿಸಬೇಕು. ಸೋತ ರಾತ್ರಿ ಫೋನ್ ಆಟಗಾರನ ಕೈಯಲ್ಲಿರಬಾರದು. ಬೆದರಿಕೆಗಳನ್ನು ಅಳಿಸುವ ಮುಂಚೆ ಖಾತೆಯ ಹೆಸರು, ದಿನಾಂಕ, ಕೊಂಡಿ ಸಮೇತ ಉಳಿಸಿಟ್ಟರೆ ಪೊಲೀಸರಿಗೆ ಕೊಡಲು ಸಾಕ್ಷಿ ಉಳಿಯುತ್ತದೆ.

ಕೊನೆಗೆ ಕಂಪನಿ ಆರಿಸುವ ವಿಚಾರ. ಕೆಟ್ಟ ಸು‌ದ್ದಿಯನ್ನು ಗೂಗಲ್‌ನಿಂದ ತೆಗೆಸಿಬಿಡುತ್ತೇವೆ ಎಂದು ಗ್ಯಾರಂಟಿ ಕೊಡುವವರು ಬೇಡ. ಫಾಲೋವರ್‌ಗಳನ್ನೂ ಹೊಗಳುವ ಕಾಮೆಂಟ್‌ಗಳನ್ನೂ ಕೊಂಡು ತುಂಬಿಸುವವರು ಖಂಡಿತಾ ಬೇಡ. ಅದು ಬಯಲಾದರೆ ಆಟಗಾರನ ಮುಖಕ್ಕೇ ಮಸಿ. ಪ್ರಾಯೋಜಕ ಕಂಪನಿಯ ಕೆಲಸವನ್ನೂ ಆಟಗಾರನ ಕೆಲಸವನ್ನೂ ಒಟ್ಟಿಗೆ ಹಿಡಿದವರಾದರೆ, ಇಬ್ಬರಿಗೂ ಜಗಳ ಬಂದ ದಿನ ಯಾರ ಕಡೆ ನಿಲ್ಲುತ್ತೀರಿ ಎಂಬುದನ್ನು ಬರೆಸಿಕೊಳ್ಳಿ. ತಿಂಗಳ ಶುಲ್ಕದಲ್ಲಿ ತಪಾಸಣೆ, ತರಬೇತಿ, ಕ್ಯಾಲೆಂಡರ್ ಸೇರಿರಬೇಕು. ಬಿಕ್ಕಟ್ಟಿಗೆ ಗಂಟೆ ಲೆಕ್ಕದ ಶುಲ್ಕ ಪ್ರತ್ಯೇಕ ಇರುವುದು ಸರಿ, ಆದರೆ ಗಲಾಟೆ ಬೆಳೆದಷ್ಟೂ ಅವರ ಆದಾಯ ಬೆಳೆಯುವ ಹಾಗಿದ್ದರೆ ಅದಕ್ಕೊಂದು ಮಿತಿ ಹಾಕಿಸಿ. ಮೊದಲ ಒಪ್ಪಂದ ಒಂದೇ ವರ್ಷಕ್ಕೆ ಇರಲಿ. ಎಲ್ಲಾ ಖಾತೆಗಳೂ ಆಟಗಾರನ ಸ್ವಂತ ಇಮೇಲ್ ಮತ್ತು ಸ್ವಂತ ನಂಬರಿನಲ್ಲೇ ಇರಬೇಕು, ಎರಡು ಹಂತದ ಲಾಗಿನ್‌ನ ಒಟಿಪಿ ಅವನ ಫೋನ್‌ಗೇ ಬರಬೇಕು, ಕಂಪನಿಯವರಿಗೆ ಪ್ರತ್ಯೇಕ ಪ್ರವೇಶ ಮಾತ್ರ. ಒಪ್ಪಂದ ಮುಗಿದ ದಿನ ಆ ಪ್ರವೇಶ ತೆಗೆದು, ಪಾಸ್‌ವರ್ಡ್ ಬದಲಿಸಿ, ಹಳೆಯ ಪೋಸ್ಟ್‌ಗಳ ತಪಾಸಣಾ ವರದಿಯ ಪ್ರತಿಗಳನ್ನು ಅವರ ಕಂಪ್ಯೂಟರ್‌ಗಳಿಂದ ಅಳಿಸಿದ್ದಕ್ಕೆ ಲಿಖಿತ ಖಾತ್ರಿ ಪಡೆಯಿರಿ. ಆಟಗಾರನ ವಿರುದ್ಧ ಬಳಸಬಹುದಾದ ಎಲ್ಲವೂ ಒಂದೇ ಕಡೆ ಸೇರಿರುವ ಕಡತ ಅದು.